ಪರೀಕ್ಷೆಗೆ ಕುಳಿತ ಸಂಗೀತ

ಪುಣೆಯ ಕ್ಯಾಂಪ್ ಭಾಗದ ಹಳೆಯ ಶಾಲೆಯೊಂದರ ಜಗಲಿಯಲ್ಲಿ, ನನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಪಿಯಾನೋ ವಾದನದ ಒಂದನೆಯ ಗ್ರೇಡ್ ಪರೀಕ್ಷೆಗೆ ಸರದಿ ಕಾಯುತ್ತ ಕುಳಿತಿದ್ದೆ. ಸುತ್ತಲೂ ಏಳೆಂಟು ವರ್ಷದ ಮಕ್ಕಳು, ಅವರ ತಾಯಂದಿರು, ನೀರಿನ ಬಾಟಲಿಗಳು. ಕೆಲವು ಮಕ್ಕಳು ತೊಡೆಯ ಮೇಲೆಯೇ ಬೆರಳಾಡಿಸಿ ಪಾಠ ನೆನಪು ಮಾಡಿಕೊಳ್ಳುತ್ತಿದ್ದರು. ಹೆಸರಿಗೆ ಗುರುತು ಹಾಕಿಕೊಳ್ಳುತ್ತಿದ್ದ ಹುಡುಗಿ ನನ್ನ ಬಳಿ ಬಂದು, "ಕಾಕಾ, ಮುಲಗಾ ಕುಠೇ ಆಹೇ?" ಎಂದು ಕೇಳಿದಳು. ಮಗ ಎಲ್ಲಿ ಎಂಬ ಆ ಪ್ರಶ್ನೆಗೆ ಉತ್ತರವಾಗಿ ನನ್ನದೇ ಗುರುತಿನ ಚೀಟಿಯನ್ನು ಅವಳ ಮುಂದೆ ಹಿಡಿದೆ. ಅವಳು ಚೀಟಿಯನ್ನೂ ನನ್ನನ್ನೂ ಒಮ್ಮೆ ನೋಡಿ, ನಗದೆ, ಮುಂದಿನ ಹೆಸರಿಗೆ ಹೋದಳು. ಆ ಸೌಜನ್ಯಕ್ಕೆ ನಾನು ಇಂದಿಗೂ ಋಣಿ.

ಆ ಪರೀಕ್ಷೆ ಪಾಸಾಯಿತು. ಮರುವರ್ಷ ಎರಡನೆಯದೂ ಆಯಿತು. ಮೂರನೆಯದರಲ್ಲಿ ನಾಲ್ಕು ಅಂಕಗಳ ಕೊರತೆಯಿಂದ ನಪಾಸಾದೆ. ನಾನು ಕೇಂದ್ರ ಸರ್ಕಾರದ ನೌಕರ. ಇಲಾಖಾ ಪರೀಕ್ಷೆ ಎಂದರೇನು, ಅದರಲ್ಲಿ ನಪಾಸಾಗುವುದೆಂದರೇನು ಎಂಬುದನ್ನು ಅರಿಯದವನಲ್ಲ. ಆದರೆ ಇಲಾಖಾ ಪರೀಕ್ಷೆಯ ಹಿಂದೆ ಬಡ್ತಿಯ ಆಸೆಯಿರುತ್ತದೆ. ಇದರ ಹಿಂದೆ ಏನಿತ್ತು? ಸಹೋದ್ಯೋಗಿಯೊಬ್ಬರು ಕೇಳಿದ ಪ್ರಶ್ನೆಯೂ ಅದೇ: "ಸಂಗೀತ ಕಲಿಯಿರಿ, ಬೇಡ ಅನ್ನುವವರಾರು? ಪರೀಕ್ಷೆ ಯಾಕೆ ಬೇಕು ನಿಮಗೆ?" ಭೀಮಸೇನ ಜೋಶಿಯವರು ಬಾಳಿದ ಊರಿನಲ್ಲಿ ನಿಂತು, ಕನ್ನಡಿಗನೊಬ್ಬ ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಅಂಕಪಟ್ಟಿಯನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು, ಈ ಪರೀಕ್ಷೆ ಎಂಬುದು ಎಲ್ಲಿಂದ ಬಂತು, ಸಂಗೀತಕ್ಕೆ ಅದು ಯಾವಾಗ ಅಂಟಿಕೊಂಡಿತು ಎಂದು ಹುಡುಕತೊಡಗಿದೆ.

ಜೋಶಿಯವರ ಕಥೆ ಪುಣೆಯ ಕನ್ನಡಿಗರಿಗೆಲ್ಲ ಬಾಯಿಪಾಠ. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದ ಹುಡುಗ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಟಿಕೆಟ್ಟಿಲ್ಲದೆ ರೈಲು ಹತ್ತಿ ಊರೂರು ಅಲೆದ. ಕೊನೆಗೆ ಮನೆಯ ಹತ್ತಿರದ ಕುಂದಗೋಳದಲ್ಲೇ ಸವಾಯಿ ಗಂಧರ್ವರ ಬಳಿ ನೀರು ಹೊತ್ತು, ಸೇವೆ ಮಾಡಿ ಕಲಿತ. ಅಲ್ಲಿ ಪಠ್ಯಕ್ರಮವಿರಲಿಲ್ಲ, ಅಂಕವಿರಲಿಲ್ಲ. ಶಿಷ್ಯ ಯಾವಾಗ ಮುಂದಿನ ರಾಗಕ್ಕೆ ಸಿದ್ಧನೆಂಬುದನ್ನು ಗುರುವೊಬ್ಬನೇ ಬಲ್ಲ. ಆ ಗುರುವಿನ ಹೆಸರಿನಲ್ಲಿ 1953ರಿಂದ ಪುಣೆಯಲ್ಲಿ ನಡೆದುಬಂದ ಉತ್ಸವಕ್ಕೆ ನಾವೆಲ್ಲ ಶಾಲು ಹೊದ್ದು ಹೋಗಿ ಕುಳಿತವರೇ. ಆ ಕಥೆಯ ಮುಂದೆ ಗ್ರೇಡ್, ಮೆರಿಟ್, ಡಿಸ್ಟಿಂಕ್ಷನ್ ಎಂಬ ಮಾತುಗಳು ಗುಮಾಸ್ತರ ಭಾಷೆಯಂತೆ ಕೇಳಿಸುತ್ತವೆ. ಹಾಗೆ ಕೇಳಿಸುವುದು ತಪ್ಪೂ ಅಲ್ಲ. ಅವು ಬಂದದ್ದೇ ಗುಮಾಸ್ತರ ಲೋಕದ ಪಕ್ಕದಿಂದ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿಗೆ ಪರೀಕ್ಷೆಯ ಮೇಲೆ ಅಪಾರ ನಂಬಿಕೆ ಹುಟ್ಟಿತು. ಸರ್ಕಾರಿ ಹುದ್ದೆಗಳನ್ನು ಶಿಫಾರಸಿನಿಂದಲ್ಲ, ಪರೀಕ್ಷೆಯಿಂದ ತುಂಬಬೇಕೆಂದು ನಾರ್ತ್‌ಕೋಟ್ ಮತ್ತು ಟ್ರೆವೆಲಿಯನ್ ಅವರ ವರದಿ 1854ರಲ್ಲಿ ಹೇಳಿತು. ಮರುವರ್ಷವೇ ಭಾರತದ ಸಿವಿಲ್ ಸೇವೆಗೆ ಸ್ಪರ್ಧಾತ್ಮಕ ಪರೀಕ್ಷೆ ಆರಂಭವಾಯಿತು. ನಾನಿಂದು ಉಣ್ಣುತ್ತಿರುವ ಅನ್ನದ ಮೂಲವೂ ಅಲ್ಲಿಯೇ ಇದೆ. 1858ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ಊರೂರುಗಳಲ್ಲಿ ಶಾಲಾ ಮಕ್ಕಳಿಗೆ ಪರೀಕ್ಷೆ ನಡೆಸತೊಡಗಿದವು. ಇದೇ ಕಾಲದಲ್ಲಿ ಜಾನ್ ಕರ್ವೆನ್ ಎಂಬ ಪಾದ್ರಿ, ಸಾಮಾನ್ಯ ಕೆಲಸಗಾರರಿಗೂ ಹಾಡು ಓದಲು ಬರಲೆಂದು, ನಮ್ಮ ಸರಿಗಮದಂತೆಯೇ ಅಕ್ಷರಗಳಲ್ಲಿ ಸ್ವರ ಬರೆಯುವ ಪದ್ಧತಿಯನ್ನು ಹರಡಿ, ಹಂತಹಂತದ ಪ್ರಮಾಣಪತ್ರಗಳನ್ನೂ ಕೊಡುತ್ತಿದ್ದ.

ಇವೆಲ್ಲವೂ ಕೂಡಿದ್ದು ಲಂಡನ್ನಿನ ಟ್ರಿನಿಟಿ ಕಾಲೇಜಿನಲ್ಲಿ. 1872ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1877ರಲ್ಲಿ ತನ್ನ ವಿದ್ಯಾರ್ಥಿಗಳಲ್ಲದ ಹೊರಗಿನವರಿಗೂ ಸಂಗೀತ ಪರೀಕ್ಷೆ ತೆರೆಯಿತು. ಹನ್ನೆರಡು ವರ್ಷಗಳ ಅನಂತರ, 1889ರಲ್ಲಿ, ಲಂಡನ್ನಿನ ಎರಡು ರಾಜಾಶ್ರಿತ ಸಂಗೀತ ವಿದ್ಯಾಲಯಗಳು ಸೇರಿ ಅಸೋಸಿಯೇಟೆಡ್ ಬೋರ್ಡ್ ಎಂಬ ಮಂಡಳಿಯನ್ನು ಕಟ್ಟಿಕೊಂಡು ಮರುವರ್ಷದಿಂದ ಪರೀಕ್ಷೆ ನಡೆಸಿದವು. ಒಂದರಿಂದ ಎಂಟರವರೆಗಿನ ಗ್ರೇಡುಗಳ ಏಣಿಯನ್ನು ಆ ಮಂಡಳಿ ನಿಲ್ಲಿಸಿದ್ದು 1933ರಲ್ಲಿ. ಇಂದು ಪುಣೆಯಲ್ಲಿ ಪಿಯಾನೋ ಕಲಿಯುವವರು ಹೆಚ್ಚಾಗಿ ಈ ಎರಡರಲ್ಲಿ ಒಂದರ ಪರೀಕ್ಷೆಗೆ ಕೂಡುತ್ತಾರೆ. ಒಂದರಲ್ಲಿ 150ಕ್ಕೆ 100 ಬಂದರೆ ತೇರ್ಗಡೆ, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಇನ್ನೊಂದರಲ್ಲಿ 100ಕ್ಕೆ 60 ಸಾಕು. ರೂಢಿಯ ಪರೀಕ್ಷೆಯಲ್ಲಿ ಎರಡೂ ಕಡೆ ಮೂರು ಕೃತಿ ನುಡಿಸಬೇಕು. ಜೊತೆಗೆ ಸ್ಕೇಲುಗಳ ಸಾಧನೆ, ಮುನ್ನ ನೋಡಿರದ ಸ್ವರಲಿಪಿಯನ್ನು ಓದಿ ನುಡಿಸುವುದು, ಕಿವಿಯ ಪರೀಕ್ಷೆ ಇತ್ಯಾದಿ. ವಯಸ್ಸಿನ ಮಿತಿ ಎಲ್ಲಿಯೂ ಇಲ್ಲ. ಈ ಕೊನೆಯ ವಾಕ್ಯವನ್ನು ನಾನು ನಿಯಮಾವಳಿಯಲ್ಲಿ ಎರಡು ಬಾರಿ ಓದಿ ಖಚಿತಪಡಿಸಿಕೊಂಡಿದ್ದೇನೆ.

ಮೊದಮೊದಲು ಈ ಪರೀಕ್ಷೆಗಳಿಗೆ ಬಂದವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಇದರ ಅರ್ಥ ತಿಳಿಯಬೇಕಾದರೆ ನನ್ನ ಎಂ.ಎ. ಓದಿನ ಋಣವನ್ನು ಸ್ವಲ್ಪ ತೀರಿಸಬೇಕು. ಜೇನ್ ಆಸ್ಟೆನ್‌ಳ 'ಎಮ್ಮಾ' ಕಾದಂಬರಿಯಲ್ಲಿ ಜೇನ್ ಫೇರ್‌ಫ್ಯಾಕ್ಸ್ ಎಂಬ ಬಡ ಹುಡುಗಿಯ ಮನೆಗೆ ಒಂದು ದಿನ, ಕಳುಹಿಸಿದವರ ಹೆಸರಿಲ್ಲದೆ, ಬ್ರಾಡ್‌ವುಡ್ ಕಂಪನಿಯ ಪಿಯಾನೋ ಬಂದಿಳಿಯುತ್ತದೆ. ಊರೆಲ್ಲ ಗುಸುಗುಸು. ಆ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನುಡಿಸುವವಳು ಅವಳೇ. ಆದರೂ ಆ ವಿದ್ಯೆಗೆ ಅವಳ ಕಾಲದಲ್ಲಿ ಇದ್ದ ಬೆಲೆ ಎರಡೇ: ಮದುವೆಯ ಮಾತುಕತೆಗೆ ಒಂದು ಅಲಂಕಾರ, ಅದು ಕೂಡದಿದ್ದರೆ ಸಿರಿವಂತರ ಮನೆಯಲ್ಲಿ ಮಕ್ಕಳ ಶಿಕ್ಷಕಿಯಾಗಿ ಊಳಿಗ. ತಾನು ಎಷ್ಟು ಬಲ್ಲೆ ಎಂದು ತೋರಿಸುವ ಕಾಗದ ಅವಳಲ್ಲಿಲ್ಲ. ಅವಳ ಮೊಮ್ಮಗಳ ತಲೆಮಾರಿಗೆ ಆ ಕಾಗದ ಬಂತು. ಅದನ್ನು ಬಾಗಿಲಿಗೆ ತೂಗುಹಾಕಿ ಪಾಠ ಹೇಳಿ, ಯಾರ ಹಂಗೂ ಇಲ್ಲದೆ ಬದುಕಬಹುದಿತ್ತು. ಹೌದು, ಅದೇ ಕಾಲದಲ್ಲಿ ದುಡ್ಡಿಗೆ ನಿಲುವಂಗಿಯನ್ನೂ ಬಿರುದನ್ನೂ ಮಾರುವ ಹುಸಿ ಸಂಗೀತ ಕಾಲೇಜುಗಳೂ ಹುಟ್ಟಿಕೊಂಡವು. ಕಾಗದಕ್ಕೆ ಬೆಲೆ ಬಂದಲ್ಲಿ ನಕಲಿಯೂ ಬರುತ್ತದೆ. ನಮ್ಮ ದೇಶದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟರಲ್ಲಿ ನಮ್ಮ ಕಡೆಯೂ ಏನೋ ನಡೆಯುತ್ತಿತ್ತು. ಅದರ ಒಂದು ಕೇಂದ್ರ ಪುಣೆ. 1874ರಲ್ಲಿ ಇಲ್ಲಿ ಪೂನಾ ಗಾಯನ ಸಮಾಜ ಸ್ಥಾಪನೆಯಾಯಿತು. ಕೋಠಿಗಳಿಗೂ ದರಬಾರುಗಳಿಗೂ ಸೀಮಿತವಾಗಿದ್ದ ಸಂಗೀತವನ್ನು ಇಂಗ್ಲಿಷು ಕಲಿತ ಗೃಹಸ್ಥರ ನಡುವೆ ತಂದು, ಅದಕ್ಕೊಂದು ಮರ್ಯಾದೆ ಕಟ್ಟುವುದು ಅದರ ಉದ್ದೇಶ. ಬಡೋದೆಯಲ್ಲಿ ಮೌಲಾಬಕ್ಷರು 1886ರಲ್ಲಿ ರಾಜಾಶ್ರಯದ ಸಂಗೀತ ಶಾಲೆ ತೆರೆದರು. ಈ ಮೌಲಾಬಕ್ಷರು ಅದಕ್ಕೂ ಹಿಂದೆ ಮೈಸೂರಿನ ಆಸ್ಥಾನದಲ್ಲಿದ್ದು ದಕ್ಷಿಣಾದಿ ಸಂಗೀತವನ್ನು ಅರಿತಿದ್ದವರು. ಉತ್ತರದ ಉಸ್ತಾದರೊಬ್ಬರ ಶಾಲೆಯ ಹಿಂದೆ ಮೈಸೂರಿನ ನೆನಪಿರಬಹುದೆಂಬುದು ನನಗೆ ಇಷ್ಟವಾದ ಊಹೆ.

ಆದರೆ ಸಂಗೀತಕ್ಕೆ ತರಗತಿ, ಪುಸ್ತಕ, ಪರೀಕ್ಷೆಗಳನ್ನು ತಂದು ದೇಶದ ತುಂಬ ಹರಡಿದವರು ವಿಷ್ಣು ದಿಗಂಬರ ಪಲುಸ್ಕರರು. 1872ರಲ್ಲಿ ಕುರುಂದವಾಡದಲ್ಲಿ, ಎಂದರೆ ಇಂದಿನ ನಮ್ಮ ಗಡಿಯ ಕೂಗಳತೆಯಲ್ಲಿ, ಹುಟ್ಟಿದವರು. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣು ಹಾಳಾಯಿತು. ಓದಿನ ದಾರಿ ಮುಚ್ಚಿದ್ದರಿಂದ ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಹಾಡು ಕಲಿಯಲು ಬಿಟ್ಟರು. ಅಲ್ಲಿನ ಯಾವುದೋ ಸಮಾರಂಭಕ್ಕೆ ತಮಗೆ ಕರೆ ಬಂದು, ಗಾಯಕನೆಂಬ ಕಾರಣಕ್ಕೆ ಗುರುಗಳಿಗೆ ಕರೆ ಬಾರದಿದ್ದುದು ಅವರ ಮನಸ್ಸಿಗೆ ನಾಟಿತೆಂಬ ಕಥೆ ಪ್ರಸಿದ್ಧವಾಗಿದೆ. ಮಿರಜು ಬಿಟ್ಟು ಹೊರಟವರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜನ ಶಾಲೆಯಲ್ಲ, ಜನರ ದೇಣಿಗೆಯಲ್ಲಿ ನಡೆಯುವ ಶಾಲೆ. ಅಲ್ಲಿ ಸ್ವರಲಿಪಿಯ ಪುಸ್ತಕಗಳು ಅಚ್ಚಾದವು, ಗೃಹಸ್ಥರ ಮನೆಯ ಹೆಣ್ಣುಮಕ್ಕಳು ಕಲಿಯಲು ಬಂದರು, ಕಲಿತವರಿಗೆ ಪರೀಕ್ಷೆ ನಡೆಯಿತು. 1908ರಲ್ಲಿ ಮುಂಬಯಿಯ ಶಾಲೆ ಆರಂಭವಾಯಿತು. ಕಟ್ಟಡದ ಸಾಲ ತೀರದೆ 1920ರ ದಶಕದಲ್ಲಿ ಅದು ಹರಾಜಾಯಿತು. 1931ರಲ್ಲಿ ಪಲುಸ್ಕರರು ಮಿರಜಿನಲ್ಲಿಯೇ ತೀರಿಕೊಂಡರು. ಅದೇ ವರ್ಷ ಶಿಷ್ಯರು ಸೇರಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ಮರುವರ್ಷ ವಿನಾಯಕರಾವ್ ಪಟವರ್ಧನರು, ಬಾಲಗಂಧರ್ವರ ನಾಟಕ ಮಂಡಳಿಯ ನಟನ ಬದುಕನ್ನು ಬಿಟ್ಟು, ಪುಣೆಯಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು.

ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ: ಮಂಡಲದ ಈ ಪರೀಕ್ಷೆಗಳ ಹೆಸರು ಉತ್ತರ ಕರ್ನಾಟಕದ ಮನೆಗಳಲ್ಲಿ ಪರಿಚಿತ. ಹಳೆಯ ಮೈಸೂರಿನ ಕಡೆಯವರಿಗೆ ಜೂನಿಯರ್, ಸೀನಿಯರ್, ವಿದ್ವತ್ ಎಂದರೆ ತಿಳಿದೀತು. ಈ ಪರೀಕ್ಷೆಗಳನ್ನು ಹಗುರವಾಗಿ ಕಾಣುವುದು ಸುಲಭ. ಪುಸ್ತಕದ ಬಂದಿಶುಗಳನ್ನು ಉರು ಹೊಡೆದು ವಿಶಾರದರಾದವರು ಒಂದು ರಾಗವನ್ನು ಹತ್ತು ನಿಮಿಷ ಬೆಳೆಸಲಾರರೆಂಬ ದೂರು ಅಂದಿನಿಂದ ಇಂದಿನವರೆಗೆ ಇದೆ. ದೂರಿನಲ್ಲಿ ಸತ್ಯವೂ ಇದೆ. ಅದೇ ಬಾಲಕೃಷ್ಣಬುವಾ ಅವರ ಇನ್ನೊಬ್ಬ ಶಿಷ್ಯ ನೀಲಕಂಠಬುವಾ ಅವರಿಂದ ಮಿರಜಿನಲ್ಲಿ ಕಲಿತ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಯಾವ ಪರೀಕ್ಷೆಯ ಏಣಿಯನ್ನು ಹತ್ತಿ ಮನ್ಸೂರರಾದರು? ಒಂದೇ ಮನೆಯಿಂದ ಹೊರಟ ಎರಡು ಹೊಳೆಗಳು: ಒಂದು ಶಾಲೆಗಳ ಕಡೆಗೆ, ಇನ್ನೊಂದು ಮನ್ಸೂರರ ಕಡೆಗೆ. ಹೋಲಿಸಿ ನೋಡಿದರೆ ಯಾವುದು ಆಳವೆಂದು ಕೇಳಬೇಕಾಗಿಲ್ಲ.

ಆದರೂ ಲೆಕ್ಕ ಅಷ್ಟು ಸರಳವಲ್ಲ. ಪಲುಸ್ಕರರ ಶಿಷ್ಯ ಬಿ.ಆರ್. ದೇವಧರರು, ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದ್ದವರು, ಮುಂಬಯಿಯಲ್ಲಿ ಒಂದು ಸಂಗೀತ ಶಾಲೆ ನಡೆಸುತ್ತಿದ್ದರು. 1930ರ ದಶಕದಲ್ಲಿ ಬೆಳಗಾವಿ ಸೀಮೆಯ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ಅಲ್ಲಿಗೆ ಕಲಿಯಲು ಬಂದ. ಆತ ಕುಮಾರ ಗಂಧರ್ವರಾಗಿ ಬೆಳೆದ. ಆದ್ದರಿಂದ ಶಾಲೆಯಲ್ಲಿ ಕಲೆ ಬೆಳೆಯುವುದಿಲ್ಲವೆಂದು ಹೇಳುವವರು ಈ ಒಂದು ಹೆಸರಿಗೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೇರೆ. ತಾನಸೇನರನ್ನಲ್ಲ, ಕಾನಸೇನರನ್ನು ತಯಾರು ಮಾಡಬೇಕು, ಎಂದರೆ ಹಾಡುವವರಿಗಿಂತ ಕೇಳಬಲ್ಲ ಕಿವಿಗಳನ್ನು ಬೆಳೆಸಬೇಕೆಂಬ ಮಾತು ಆ ಸುಧಾರಕರ ನಡುವೆ ಪ್ರಚಲಿತವಾಗಿತ್ತು. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಕಲಿಯುವ ಪದ್ಧತಿ ಯಾರಿಗೆ ಸಾಧ್ಯವಿತ್ತೋ ಅವರಿಗೆ ಅಮೃತ. ಹನ್ನೊಂದನೆಯ ವಯಸ್ಸಿಗೆ ಹುಡುಗಿಯೊಬ್ಬಳು ಟಿಕೆಟ್ಟಿಲ್ಲದೆ ರೈಲು ಹತ್ತಿ ಹೋಗುವಂತಿತ್ತೇ? ಸಂಜೆ ಆರಕ್ಕೆ ಕಚೇರಿ ಬಿಡುವ ಗುಮಾಸ್ತ ಕುಂದಗೋಳದಲ್ಲಿ ನೀರು ಹೊರುವಂತಿತ್ತೇ? ತರಗತಿ, ಪುಸ್ತಕ, ಪರೀಕ್ಷೆ ಈ ಮೂರೂ ಬಾಗಿಲು ತೆರೆದದ್ದು ಇಂಥವರಿಗೆ.

ಹುಬ್ಬಳ್ಳಿಯಲ್ಲಿರುವ ನನ್ನ ಅವ್ವ ಅಂಥವರಲ್ಲಿ ಒಬ್ಬಳು. ಮದುವೆಗೆ ಮುನ್ನ ಪ್ರವೇಶಿಕಾ ಪೂರ್ಣ ಮುಗಿಸಿದ್ದಳು. ಮಧ್ಯಮಾಕ್ಕೆ ಹೆಸರು ನೋಂದಾಯಿಸಿದ್ದಳಂತೆ. ಅಷ್ಟರಲ್ಲಿ ಮದುವೆ ನಿಶ್ಚಯವಾಯಿತು. ಆ ಪ್ರಮಾಣಪತ್ರ ನಮ್ಮ ಟ್ರಂಕಿನಲ್ಲಿ ಮನೆಯ ಖರೀದಿ ಪತ್ರಗಳ ಜೊತೆಗೇ ಇರುತ್ತಿತ್ತು. ಬಾಲ್ಯದಲ್ಲಿ ನನಗದು ವಿಚಿತ್ರವೆನ್ನಿಸುತ್ತಿತ್ತು.

ಪರೀಕ್ಷೆ ಹೊರಗಿನಿಂದ ಬಂದದ್ದು, ಒಪ್ಪೋಣ. ಆದರೆ ಏಣಿ? ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ ಎಂದು ಮಾಯಾಮಾಳವಗೌಳದಿಂದ ಆರಂಭಿಸಿ ಎಳೆಯ ಬೆರಳನ್ನೂ ಕೊರಳನ್ನೂ ಹಂತಹಂತವಾಗಿ ನಡೆಸುವ ಕ್ರಮವನ್ನು ಪರಂಪರೆ ಪುರಂದರದಾಸರಿಗೆ ಸಲ್ಲಿಸುತ್ತದೆ. ಅವರ ಹುಟ್ಟೂರು ಪುಣೆಯ ಪಕ್ಕದ ಪುರಂದರಗಡವೋ ತೀರ್ಥಹಳ್ಳಿಯ ಆರಗವೋ ಎಂಬ ಚರ್ಚೆಗೆ ನಾನಿಲ್ಲಿ ಕೈ ಹಾಕುವುದಿಲ್ಲ. ಪುಣೆಯ ಕನ್ನಡಿಗನಾಗಿ ನನ್ನ ಪಕ್ಷಪಾತ ಎತ್ತ ಎಂಬುದು ಸ್ಪಷ್ಟ. ಬಾಖ್ ಎರಡು ಶತಮಾನಗಳ ಅನಂತರ, 1720ರಲ್ಲಿ, ತನ್ನ ಹಿರಿಯ ಮಗನಿಗಾಗಿ ಬರೆಯತೊಡಗಿದ ಪಾಠದ ಪುಸ್ತಕದಲ್ಲಿ ಮಾಡಿದ್ದೂ ಇಂಥದೇ ಕೆಲಸ. ಸುಲಭದಿಂದ ಕಠಿಣಕ್ಕೆ ಒಯ್ಯುವ ಮೆಟ್ಟಿಲು ಎರಡು ಕಡೆಗೂ ಹಳೆಯದೇ. ನಡುವೆ ಹೊಸದಾಗಿ ಬಂದು ನಿಂತವನು ಪರೀಕ್ಷಕ: ಕಲಿಸದೆ ಕೇಳುವವನು, ಶಿಷ್ಯನ ಮನೆತನವನ್ನಾಗಲಿ ಗುರುವಿನ ಹೆಸರನ್ನಾಗಲಿ ಅರಿಯದವನು, ಹತ್ತು ಹದಿನೈದು ನಿಮಿಷ ಕೇಳಿ ಬರೆದಿಟ್ಟು ಹೋಗುವವನು.

ಈ ಅಪರಿಚಿತನ ಬೆಲೆ ಏನೆಂದು ಯೋಚಿಸುವಾಗ ನನ್ನ ಮನಸ್ಸು ಪುಣೆಯನ್ನು ಬಿಟ್ಟು ಮೈಸೂರಿಗೆ ಹೋಗುತ್ತದೆ. ಪಿಯಾನೋ ಮತ್ತು ಪ್ರಮಾಣಪತ್ರ ಎರಡೂ ಕೂಡಿದ ಕನ್ನಡ ನಾಡಿನ ಅತ್ಯಂತ ಪ್ರಸಿದ್ಧ ಪ್ರಸಂಗ ಅಲ್ಲಿಯದು. ಮೈಸೂರು ಅರಮನೆಗೆ ಪಿಯಾನೋ ಹೊಸದಲ್ಲ. ವೀಣೆ ಶೇಷಣ್ಣನವರೇ ಅದನ್ನು ನುಡಿಸಬಲ್ಲವರಾಗಿದ್ದರು. ಅರಮನೆಯ ಪಾಶ್ಚಾತ್ಯ ವಾದ್ಯವೃಂದಕ್ಕೆ ಆಟ್ಟೋ ಷ್ಮಿಟ್ ಎಂಬ ಜರ್ಮನ್ ನಿರ್ದೇಶಕನಿದ್ದ. ಆ ಮನೆಯಲ್ಲಿ 1919ರ ಜುಲೈ 18ರಂದು ಹುಟ್ಟಿದ ಜಯಚಾಮರಾಜೇಂದ್ರ ಒಡೆಯರು ಚಿಕ್ಕಂದಿನಿಂದ ಕಲಿತದ್ದು ಪಿಯಾನೋವನ್ನು. ಸಭೆಗಳಲ್ಲಿ ನುಡಿಸುವ ವಾದಕನಾಗಬೇಕೆಂಬುದು ಅವರ ಆಸೆಯಾಗಿತ್ತು. 1940ರ ಮಾರ್ಚಿನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಇವರು ಸಿಂಹಾಸನದಲ್ಲಿದ್ದರು. ವಾದಕನ ಬದುಕು ಅಲ್ಲಿಗೆ ಮುಗಿಯಿತು.

ಮುಗಿಯಿತು ಎನ್ನುವಾಗ 1945 ಎದುರಾಗುತ್ತದೆ. ಆ ವರ್ಷ ಮಹಾರಾಜರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಕೂಡ ಆದರು. ಎರಡನೆಯದು ಗೌರವಕ್ಕೆ ಕೊಟ್ಟದ್ದು, ಅದಿರಲಿ. ಮೊದಲನೆಯದು ಯಾಕೆ ಬೇಕಿತ್ತು? ಎಂಟು ಸಾಲಿನ ಬಿರುದಾವಳಿಯಿದ್ದ ದೊರೆಗೆ ಹೆಸರಿನ ಮುಂದೆ ಇನ್ನೂ ನಾಲ್ಕು ಅಕ್ಷರಗಳು ಏನು ಸೇರಿಸಿಯಾವು? ನನಗೆ ತೋಚುವುದು ಇಷ್ಟು: ಅರಮನೆಯಲ್ಲಿ ದೊರೆ ಏನು ನುಡಿಸಿದರೂ ಶಹಭಾಸ್ ಎನ್ನುವವರೇ ಇರುತ್ತಾರೆ. ಎಡಗೈ ತಡವಾಯಿತು ಎಂದು ಹೇಳುವವರು ಯಾರು? ಸಾಮಾನ್ಯನಿಗೆ ಗುರು ದೊರೆಯುವುದು ಕಷ್ಟವಾದರೆ, ದೊರೆಗೆ ನಿಜ ಹೇಳುವ ಕಿವಿ ದೊರೆಯುವುದು ಅದಕ್ಕಿಂತ ಕಷ್ಟ. ಊರಾಚೆಯ ಸಂಸ್ಥೆಯ ಅಳತೆಗೋಲು ಅವರಿಗೆ ಆ ಕಾರಣಕ್ಕೆ ಬೇಕಾಗಿತ್ತೆಂದು ನಾನು ಭಾವಿಸಿದ್ದೇನೆ.

ಮುಂದಿನ ಕಥೆಯನ್ನು ಸಂಗೀತಲೋಕ ಬಲ್ಲದು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಅವರು ಮೊದಲ ಅಧ್ಯಕ್ಷರಾದರು. ಗ್ರಾಮಫೋನ್ ಕಂಪನಿಯ ವಾಲ್ಟರ್ ಲೆಗ್ಗೆ ಮೈಸೂರಿಗೆ ಬಂದಾಗ ಅರಮನೆಯ ರೆಕಾರ್ಡು ಭಂಡಾರವನ್ನೂ ಪಿಯಾನೋಗಳನ್ನೂ ಕಂಡು ಬೆರಗಾದ. ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳ ನಡುವೆ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯದ ರಚನೆಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಅವನಿಂದಲೇ ನುಡಿಸಿ ಮುದ್ರಿಸಲು ಮಹಾರಾಜರು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟಾಗಲೂ ಹಿಂದಿದ್ದದ್ದು ಮೈಸೂರಿನ ಹಣವೇ. ಇದನ್ನೆಲ್ಲ ದೊರೆಯ ಖಯಾಲಿ ಎನ್ನುವವರಿದ್ದಾರೆ. ಮೆಟ್ನರ್‌ನನ್ನು ಆರಿಸಿಕೊಳ್ಳಲು ಹಣ ಸಾಲದು. ಕಷ್ಟಪಟ್ಟು ಸ್ವರಲಿಪಿ ಓದಿದ ಕಣ್ಣು ಬೇಕು.

ಆದರೆ ನನ್ನನ್ನು ಹೆಚ್ಚು ಕಾಡುವುದು ಇದೇ ಮಹಾರಾಜರ ಇನ್ನೊಂದು ಮುಖ. ಪಾಶ್ಚಾತ್ಯ ಸಂಗೀತದಲ್ಲಿ ಬಿರುದು ಪಡೆದವರು ಕರ್ನಾಟಕ ಸಂಗೀತದ ಕಡೆಗೆ ಗಂಭೀರವಾಗಿ ತಿರುಗಿದ್ದು ಪಟ್ಟಕ್ಕೆ ಬಂದ ಮೇಲೆ, ಬೆಳೆದ ವಯಸ್ಸಿನಲ್ಲಿ. ವೀಣೆ ವೆಂಕಟಗಿರಿಯಪ್ಪನವರ ಬಳಿ ವೀಣೆ ಹಿಡಿದು ಕುಳಿತರು. ಆಸ್ಥಾನದಲ್ಲಿ ವಾಸುದೇವಾಚಾರ್ಯರಂಥ ಹಿರಿಯರಿದ್ದರು. ಮುಂದೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಇಪ್ಪತ್ತು ದಾಟಿದ ಬೆರಳಿಗೆ ಹೊಸ ವಾದ್ಯ ಎಷ್ಟು ಒಲ್ಲದ್ದೆಂದು, ನಲವತ್ತು ದಾಟಿದ ನಾನು ಊಹಿಸಬಲ್ಲೆ. ಪಿಯಾನೋದ ಮನೆಗಳ ಮೇಲೆ ಸ್ವರ ಸಿದ್ಧವಾಗಿ ಕುಳಿತಿರುತ್ತದೆ, ಒತ್ತಿದರೆ ಸಾಕು. ವೀಣೆಯಲ್ಲಿ ತಂತಿಯನ್ನು ಎಳೆದು ಗಮಕವನ್ನು ಹುಟ್ಟಿಸಬೇಕು. ಬಲ್ಲ ವಿದ್ಯೆಯನ್ನು ಬದಿಗಿಟ್ಟು ಅರಿಯದ ವಿದ್ಯೆಯ ಮುಂದೆ ಶಿಷ್ಯನಾಗಿ ಕೂಡಲು ಅವರಿಗೆ ಸಾಧ್ಯವಾಯಿತು. ಹಿಂದೊಮ್ಮೆ ಅಳತೆಗೆ ಒಡ್ಡಿಕೊಂಡ ಅಭ್ಯಾಸವೂ ಇದಕ್ಕೆ ಕಾರಣವಾಗಿರಬಹುದೇ? ಹಾಗೆಂದು ನಂಬಲು ನನಗೆ ಇಷ್ಟ.

ನನ್ನದು ದೊರೆಯ ಕಷ್ಟವಲ್ಲ. ಪುಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಿಜವಾದ ಪಿಯಾನೋಗೆ ಜಾಗವಿಲ್ಲ. ಭಾರದ ಮನೆಗಳಿರುವ ಡಿಜಿಟಲ್ ಪಿಯಾನೋ ಒಂದಿದೆ. ರಾತ್ರಿ ಒಂಬತ್ತೂವರೆಯ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿ ನುಡಿಸುತ್ತೇನೆ. ಆಗ ಮನೆಯವರಿಗೆ ಕೇಳಿಸುವುದು ಸಂಗೀತವಲ್ಲ, ಟಕಟಕ ಎಂಬ ಬೆರಳಿನ ಸದ್ದು. ಹಳೆಯ ಟೈಪಿಂಗ್ ಪರೀಕ್ಷೆಗೆ ಮತ್ತೆ ತಯಾರಿಯೇ ಎಂದು ಹೆಂಡತಿ ಕೇಳಿದ್ದುಂಟು. ಕಲಿಸುವವರು ಗೋವೆಯ ಮೂಲದ ಎಪ್ಪತ್ತು ದಾಟಿದ ಟೀಚರು. ನನ್ನಂಥ ದೊಡ್ಡವರ ತೊಂದರೆ ಅವರಿಗೆ ಗೊತ್ತು. ಮಗುವಿನ ಕಿವಿ ಬೆರಳಿಗಿಂತ ಹಿಂದೆ ಇರುತ್ತದೆ. ಎರಡೂ ಒಟ್ಟಿಗೆ ಬೆಳೆಯುತ್ತವೆ. ದೊಡ್ಡವನ ಕಿವಿ ಮೂವತ್ತು ವರ್ಷ ಒಳ್ಳೆಯದನ್ನು ಕೇಳಿ ಬೆಳೆದಿರುತ್ತದೆ, ಬೆರಳು ಮಾತ್ರ ಒಂದನೆಯ ತರಗತಿಯಲ್ಲಿರುತ್ತದೆ. ತನ್ನ ವಾದನ ಎಷ್ಟು ಕೆಟ್ಟದಾಗಿದೆಯೆಂಬುದು ಅವನಿಗೆ ಪ್ರತಿ ಕ್ಷಣವೂ ತಿಳಿಯುತ್ತದೆ, ಆದರೆ ಯಾಕೆಂದು ತಿಳಿಯುವುದಿಲ್ಲ. ಎರಡನೆಯ ಗ್ರೇಡಿನ ತಯಾರಿಯ ನಡುವೆ, ಎಷ್ಟೋ ಕಾಲ ಬಾಖ್‌ನದೆಂದು ಜಗತ್ತು ನಂಬಿದ್ದ, ನಿಜವಾಗಿ ಪೆಟ್ಸೋಲ್ಡ್ ಎಂಬಾತನದಾದ ಒಂದು ಪುಟ್ಟ ಮಿನುಎಟ್ಟನ್ನು ಟೀಚರು ಅಭ್ಯಾಸಕ್ಕೆ ಕೊಟ್ಟಿದ್ದರು. ಅದರ ಮೂವತ್ತೆರಡು ಅಳತೆಗಳಿಗೆ ನನಗೆ ಮಳೆಗಾಲವಿಡೀ ಹಿಡಿಯಿತು.

ಪರೀಕ್ಷೆಯ ಕೆಡುಕೂ ನನ್ನ ಅನುಭವಕ್ಕೆ ಬಂದಿದೆ. ವರ್ಷಕ್ಕೆ ಮೂರೇ ಕೃತಿ, ಅವನ್ನೇ ತಿಕ್ಕುವುದು. ನಾಲ್ಕನೆಯ ಕೃತಿ ಕೈಗೆ ಬಂದರೆ ಪಠ್ಯದಲ್ಲಿಲ್ಲವೆಂದು ಬಿಡುವುದು. ಎಂಟನೆಯ ಗ್ರೇಡ್ ಮುಗಿಸಿದ ಕಾಲೇಜು ಹುಡುಗಿಯೊಬ್ಬಳು, ಮುಂದಿನ ಗ್ರೇಡ್ ಇಲ್ಲದ್ದರಿಂದ ಪಿಯಾನೋ ಮುಟ್ಟುವುದನ್ನೇ ಬಿಟ್ಟಳೆಂದು ಟೀಚರು ಹೇಳಿದ್ದರು. ಏಣಿ ಮುಗಿದಲ್ಲಿ ಮನೆಯೂ ಮುಗಿಯಿತೆಂದು ತಿಳಿದವರು ಗಾಂಧರ್ವದ ಪರೀಕ್ಷೆಗಳಲ್ಲಿಯೂ ಇದ್ದಾರೆ, ಲಂಡನ್ನಿನ ಪರೀಕ್ಷೆಗಳಲ್ಲಿಯೂ ಇದ್ದಾರೆ.

ನಪಾಸಾದ ಸುದ್ದಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಒಂದು ಭಾನುವಾರ ಫೋನಿನಲ್ಲಿ ಅವ್ವನಿಗೆ ಬಾಯಿತಪ್ಪಿ ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಾಕು ಮಾರ್ಕು ಹೋದ್ರ ಹೋಗ್ಲೇಳು. ಎಲ್ಲೆ ತಪ್ಪೇತಿ ಅಂತ ಬರದಾರೋ ಇಲ್ಲೋ?"

"ಬರದಾರವ್ವ. ಒಂದು ಹಾಳಿ ತುಂಬ ಬರದಾರ."

"ಮತ್ತೇನು! ನನಗ ಆ ಮಧ್ಯಮಾಕ್ಕ ಕುಂಡ್ರಾಕ ಬಿಟ್ಟಿದ್ರ, ನನಗೂ ಯಾರಾರ ಬರದು ಕೊಡ್ತಿದ್ರು. ಮದಿವಿ ಆದಮ್ಯಾಲೆ ಹಾಡಿದ್ರ ಎಲ್ಲಾರೂ ಚೊಲೋ ಆತು ಅನ್ನೋರs. ದೇವರ ಮುಂದ ಹಾಡೋದಕ್ಕ ಯಾರು ತಪ್ಪು ತಗೀತಾರ?"

ಆ ರಾತ್ರಿ ಸೆಳೆಖಾನೆಯಿಂದ ಅಂಕಪಟ್ಟಿ ತೆಗೆದು, ಅಂಕಗಳನ್ನು ಬಿಟ್ಟು, ಪಕ್ಕದಲ್ಲಿದ್ದ ಕೈಬರಹವನ್ನು ಮೊದಲ ಬಾರಿಗೆ ಸಾವಧಾನವಾಗಿ ಓದಿದೆ. ಎರಡನೆಯ ಕೃತಿಯಲ್ಲಿ ಎಡಗೈಯ ದನಿ ಬಲಗೈಯನ್ನು ಮುಚ್ಚುತ್ತಿದೆ. ಬಿ ಫ್ಲ್ಯಾಟ್ ಸ್ಕೇಲಿನಲ್ಲಿ ಹೆಬ್ಬೆರಳು ದಾಟುವಾಗ ಕಾಲ ನಿಲ್ಲುತ್ತಿದೆ. ಓದಿ ನುಡಿಸುವಾಗ ತಪ್ಪಾದೊಡನೆ ಹಿಂದಕ್ಕೆ ಹೋಗಬಾರದು, ಮುಂದೆ ಸಾಗಬೇಕು. ಮೂರನೆಯ ಕೃತಿಯ ಮಧ್ಯಭಾಗದಲ್ಲಿ ನಿಜವಾದ ಭಾವವಿತ್ತು. ನನ್ನ ಹೆಸರಿನ ಹೊರತು ನನ್ನ ಬಗ್ಗೆ ಏನನ್ನೂ ಅರಿಯದ ಒಬ್ಬ ಮನುಷ್ಯ, ಇಡೀ ದಿನ ಮಕ್ಕಳ ಸ್ಕೇಲುಗಳನ್ನು ಕೇಳಿ ದಣಿದ ಮೇಲೂ, ಇಷ್ಟನ್ನು ಕೇಳಿಸಿಕೊಂಡಿದ್ದ.

ಹಾಳೆಯನ್ನು ಪಿಯಾನೋದ ಮುಂದಿನ ಗೋಡೆಗೆ ಅಂಟಿಸಿದ್ದೇನೆ. ಮೂರನೆಯ ಗ್ರೇಡಿಗೆ ಮತ್ತೆ ಹೆಸರು ಕೊಟ್ಟಾಗಿದೆ. ಅವ್ವನಿಗೂ ಮಧ್ಯಮಾದ ಅರ್ಜಿ ತರಿಸಿ ಕಳುಹಿಸಿದೆ. ಎಪ್ಪತ್ತಮೂರರಲ್ಲಿ ಇದೆಂಥ ಹುಚ್ಚು ಎಂದು ಬೈದಳು. ಅರ್ಜಿಯನ್ನು ಹಿಂದಿರುಗಿಸಿಲ್ಲ. ತಂಬೂರಿ ರಿಪೇರಿಗೆ ಮಿರಜಿಗೆ ಒಯ್ಯಬೇಕೋ, ಹುಬ್ಬಳ್ಳಿಯಲ್ಲಿಯೇ ಆದೀತೋ ಎಂದು ಕಳೆದ ವಾರ ಕೇಳಿದಳು.